ಡಬ್ಬಿ ಎತ್ತಿ ನೋಡುತ್ತಿದ್ದ ರಾಜೇಸಾಬರು

ಡ್ಯೂಟಿ ಮುಗಿಸಿ ಬಂದವರ ಮುಖವನ್ನು ರಾಜೇಸಾಬರು ನೋಡುತ್ತಿರಲಿಲ್ಲ. ಬುತ್ತಿಡಬ್ಬಿಯನ್ನು ಎತ್ತಿ ಅಂಗೈಯಲ್ಲಿ ತೂಗುತ್ತಿದ್ದರು. ಹಗುರವಾಗಿದ್ದರೆ ಮಾತಿಲ್ಲ. ಊಟ ಉಳಿದು ಭಾರವಿದ್ದರೆ, "ಯಾರ ಜೋಡಿ ಜಗಳ?" ಎಂದು ಕೇಳುತ್ತಿದ್ದರು.

ನಮ್ಮ ಬಸ್ ಡಿಪೋದಲ್ಲಿ ಯಾವ ಗಾಡಿಗೆ ಯಾವ ಡ್ರೈವರ್, ಯಾವ ಕಂಡಕ್ಟರ್ ಎಂದು ಪಟ್ಟಿ ಬರೆಯುವ ಕೆಲಸ ಅವರದು. ಇಂಡಿ ಊರಿನವರು. ಕಿವಿಯ ಮೇಲೊಂದು ಪೆನ್ಸಿಲ್, ಎಲೆಅಡಿಕೆಯಿಂದ ಕೆಂಪಾದ ನಗು. ಬೇರೆಯವರಾದರೆ ಜಗಳಾಡಿದವರನ್ನು ದೂರ ಇಡುತ್ತಾರೆ. ಇವರು ಹುಡುಕಿ ಹುಡುಕಿ ಒಂದೇ ಬಸ್ಸಿಗೆ ಹಾಕುತ್ತಿದ್ದರು. ಕೇಳಿದರೆ, "ಬ್ಯಾರೆ ಬ್ಯಾರೆ ಹಾಕಿದ್ರ ಎರಡು ಗಾಡಿ ಕೆಡ್ತಾವ. ಕೂಡಿ ಹಾಕಿದ್ರ ಒಂದ ಕೆಡ್ತೈತಿ" ಎನ್ನುತ್ತಿದ್ದರು.

ಕಂಡಕ್ಟರ್ ಆಗಿದ್ದ ನನಗೂ ಡ್ರೈವರ್ ಮಲ್ಲಪ್ಪನಿಗೂ ಜಗಳವಾದದ್ದು ಒಬ್ಬ ಅಜ್ಜಿಯಿಂದ. ಆಕೆ ಪೂರ್ತಿ ಇಳಿಯುವ ಮೊದಲೇ ಅವನು ಗಾಡಿ ಬಿಟ್ಟ. ಅಜ್ಜಿ ಬಿದ್ದು ಮೊಣಕಾಲು ತರಚಿಕೊಂಡಳು. ತಡೆಯಲು ಸೀಟಿ ಹೊಡೆದಿದ್ದೆ ಎಂದು ನಾನು ಬರೆದುಕೊಟ್ಟೆ. ಹೊಡೆದೇ ಇಲ್ಲ ಎಂದು ಅವನು ಬರೆದುಕೊಟ್ಟ. ಅಂದಿನಿಂದ ಮಾತು ಬಂದ್. ಬೆಳಿಗ್ಗೆ ಯೂನಿಫಾರ್ಮ್ ಹಾಕಿದ ಮೇಲೆ ನಾನು ತಿಂಡಿ ಮುಟ್ಟುತ್ತಿರಲಿಲ್ಲ. ಮಗಳು ನೀರು ಕೇಳಿದರೂ ರೇಗುತ್ತಿದ್ದೆ. ಬಾಗೇವಾಡಿಯ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, "ಹೊಟ್ಟಿ ಚೊಲೋ ಐತಿ. ನಿಮ್ಮ ನೌಕರಿ ಯಾವುದ್ರಿ?" ಎಂದರು.

ಅಂದು ಸಂಜೆ ರಾಜೇಸಾಬರು ನನ್ನ ಡಬ್ಬಿ ಎತ್ತಿದರು. ಮರುದಿನ ಹೂವಿನ ಹಿಪ್ಪರಗಿಗೆ ಹೋಗುವ ಗಾಡಿಗೆ ನಾನೂ ಮಲ್ಲಪ್ಪನೂ.

"ಬದಲ ಮಾಡ್ರಿ ಕಾಕಾ, ಕೈ ಮುಗೀತೇನಿ" ಎಂದೆ.

"ನಿನ್ನ ಸೀಟಿ ಕೊಡವಾ ಇಲ್ಲೆ" ಎಂದು ಇಸಿದುಕೊಂಡು ಡ್ರಾವರಿನಲ್ಲಿಟ್ಟು ಕೀಲಿ ಹಾಕಿದರು. "ದುರಸ್ತಿ ಮಾಡಸ್ತೇನಿ. ಎಂಟ ದಿನ ಬಾಯಿಲೇ ನಡಸು. ಹೊಸಾದು ಕೊಂಡ್ರ ಅದನ್ನೂ ದುರಸ್ತಿಗೆ ಹಾಕ್ತೇನಿ."

ಮೊದಲ ದಿನ ಕಂಬಿ ಬಡಿದೆ. ಮಲ್ಲಪ್ಪ ಕೇಳಿಸಿಕೊಳ್ಳಲಿಲ್ಲ. ಇಳಿಯಬೇಕಾದವರು ಒಂದು ಮೈಲು ಮುಂದೆ ಹೋಗಿ ಇಬ್ಬರಿಗೂ ಸರಿಯಾಗಿ ಬೈದರು. ಎರಡನೆಯ ದಿನ "ನಿಂದರ್ಸ್ರಿ" ಎಂದು ಕಿಟಕಿಗೆ ಹೇಳಿದೆ. ಮೂರನೆಯ ದಿನ ಕೂಗಿ ಕೂಗಿ ಗಂಟಲೇ ಬಿದ್ದುಹೋಯಿತು. ಬೇರೆ ದಾರಿಯಿಲ್ಲದೆ ಅವನ ಸೀಟಿನ ಹಿಂದೆ ಹೋಗಿ ನಿಂತು, "ಮಲ್ಲಪ್ಪಾ, ಕೆರಿ ಹತ್ರ ಇಬ್ಬರು ಇಳಿಯೋರದಾರ" ಎಂದೆ.

"ಹೂಂ ಅಕ್ಕಾರ" ಎಂದ. ಸ್ವಲ್ಪ ದೂರ ಹೋದಮೇಲೆ, ರಸ್ತೆ ನೋಡುತ್ತಲೇ, "ಅವತ್ತ ಸೀಟಿ ಖರೇನ ಕೇಳಿರ್ಲಿಲ್ರಿ. ಬಾಜೂಕ ಟ್ರ್ಯಾಕ್ಟರಿನವ ಹಾಡು ಹಚ್ಚಿದ್ದ. ಕಣ್ಣ ಮುಚ್ಚಿದ್ರ ಆ ಮುದುಕಿನ ಕಾಣ್ತಾಳ" ಎಂದ.

ಅವನ ನಿದ್ದೆಯೂ ಹೋಗಿತ್ತು. ಆ ಮಧ್ಯಾಹ್ನ ನನ್ನ ಡಬ್ಬಿಯ ಎಣಗಾಯಿಯನ್ನು ನನಗಿಂತ ಹೆಚ್ಚು ಅವನೇ ತಿಂದ.

ಮುಂದೆ ಡಿಪೋಗೆ ಹೊಸದಾಗಿ ಬಂದ ಮ್ಯಾನೇಜರಿಗೆ ರಾಜೇಸಾಬರ ಪಟ್ಟಿಗಳು ಹಿಡಿಸಲಿಲ್ಲ. ದಿನಾ ಎಲ್ಲರೆದುರು ನಿಲ್ಲಿಸಿ ಬೈಯುತ್ತಿದ್ದರು. ಜಗಳಾಡಿದವರನ್ನು ಯಾರಾದರೂ ಒಂದೇ ಬಸ್ಸಿಗೆ ಹಾಕುತ್ತಾರೆಯೇ ಎಂದು ಕೇಳುತ್ತಿದ್ದರು. ಒಂದು ದಿನ ನಾನೇ ಅವರ ಡಬ್ಬಿ ಎತ್ತಿದೆ, ಭಾರವಿತ್ತು. ಕಸಿದುಕೊಂಡು, "ನಿನ್ನ ಕೆಲಸ ಟಿಕೆಟ್ ಕೊಡೋದು" ಎಂದರು. ಬಿ.ಪಿ. ಏರಿ, ನಿವೃತ್ತಿಗೆ ಎರಡು ವರ್ಷ ಮೊದಲೇ ನೌಕರಿ ಬಿಟ್ಟು ಇಂಡಿಗೆ ಹೋದರು.

ಕಳೆದ ವರ್ಷ ನಾನೂ ಮಲ್ಲಪ್ಪನೂ ಅವರ ನಿಂಬೆ ತೋಟಕ್ಕೆ ಹೋಗಿದ್ದೆವು. ಮೈ ತುಂಬಿಕೊಂಡಿದ್ದರು. "ಮ್ಯಾನೇಜರ್ ಸಾಹೇಬ್ರೂ ರಿಟೈರ್ ಆಗ್ಯಾರ. ನಾಲ್ಕ ದಿನದಿಂದ ಫೋನ್ ಹಚ್ಚಾಕತ್ತಾರ, ನಾ ಎತ್ತವಲ್ಲೆ" ಎಂದು ಕಣ್ಣು ಮಿಟುಕಿಸಿದರು. "ಐದನೇ ದಿನಕ್ಕ ಎತ್ತತೇನಿ. ಅವರದೂ ಸ್ವಲ್ಪ ಹಸಿವಿ ಕೆಡ್ಲಿ."

ಅದಾಗಿ ಹತ್ತು ದಿನಕ್ಕೆ ರಾಜೇಸಾಬರು ತೀರಿಹೋದ ಸುದ್ದಿ ಬಂತು. ನಾವು ಇಂಡಿ ಮುಟ್ಟಿದಾಗ ಅವರ ಮನೆಯ ಮುಂದಿನ ಕಟ್ಟೆಯ ಮೇಲೆ ಮ್ಯಾನೇಜರ್ ಒಬ್ಬರೇ ಕೂತಿದ್ದರು. ತಡೆಯಲಾಗದೆ ಕೇಳಿಯೇಬಿಟ್ಟೆ: "ಫೋನ್ ಎತ್ತಿದ್ರೇನ್ರಿ ಅವರು?"

"ಎತ್ತಿದ್ರು. ಅರ್ಧಾ ತಾಸು ಬೈದ್ರು, ನಾ ಹೂಂ ಹೂಂ ಅಂದೆ. ಬೈಯೋದು ಮುಗದಮ್ಯಾಲ, ಊಟಕ್ಕ ಬರ್ರಿ ಅಂದ್ರು." ಕಟ್ಟೆಯ ಮೇಲೆ ಸರಿದು ನಮಗೆ ಜಾಗ ಮಾಡಿಕೊಟ್ಟು, "ಈ ರವಿವಾರ ಬರಾಂವಿದ್ದೆ" ಎಂದರು.