ಸೀತಕ್ಕನ ಬುಟ್ಟಿಯಲ್ಲಿ ಬಂದ ಗದ್ದೆ

ಸೀತಕ್ಕನ ಕೂಗು ಕೇಳಿದರೆ ನಮ್ಮ ಮನೆಯಲ್ಲಿ ಮೊದಲು ಏಳುವುದು ನಾಯಿ, ಆಮೇಲೆ ನಾನು. ನಾಯಿ ಬಾಲ ಅಲ್ಲಾಡಿಸಿಕೊಂಡು ಹೋಗುತ್ತದೆ, ನಾನು ಜಗಳಕ್ಕೆ ತಯಾರಾಗಿ ಹೋಗುತ್ತೇನೆ. ಉಪ್ಪುಂದದ ಕಡಲಬದಿಯಿಂದ ಬೆಳಗಿನ ಬಸ್ಸಿಗೆ ಹೊರಟು, ತಲ್ಲೂರಿನಲ್ಲಿ ಇಳಿದು, ಅಲ್ಲಿಂದ ಕೆರಾಡಿ ಬಸ್ಸು ಹತ್ತಿ, ದಾರಿಯ ಊರೂರಲ್ಲಿ ಮೀನು ಮಾರುವ ಹೆಂಗಸು ಅವಳು. ನಾನು ಈ ಮನೆಗೆ ಸೊಸೆಯಾಗಿ ಬರುವ ಮೊದಲಿನಿಂದಲೂ ಬರುತ್ತಿದ್ದಾಳೆ. ಬಂಗುಡೆಯ ಕಣ್ಣು ಕೆಂಪಾಗಿದೆಯಲ್ಲ ಎಂದು ನಾನು ಮೂಗು ಮುರಿದರೆ, "ರಾತ್ರಿಯಿಡೀ ನಿದ್ರಿ ಇಲ್ದೆ ಬಂದದ್ದ್, ಕೆಂಪಾಪ್ದಿಲ್ಯಾ? ನಿಮ್ ಕಣ್ಣ್ ಕಾಣಿ ಮೊದ್ಲ್," ಎನ್ನುತ್ತಾಳೆ. ಅವಳ ಬಾಯಿಗೆ ಎದುರು ನಿಂತವರು ಊರಲ್ಲಿ ನಾನೊಬ್ಬಳೇ ಎಂದು ನನ್ನ ಗಂಡ ಲೀಲಾಧರರು ಹೇಳುತ್ತಾರೆ. ಹೊಗಳಿಕೆಯೋ ಬೈಗುಳವೋ ನಾನು ಕೇಳಲು ಹೋಗಿಲ್ಲ.

ಬುಟ್ಟಿ ಖಾಲಿಯಾದ ಮೇಲೆ ಹಿಂದಿರುಗುವಾಗ ನಮ್ಮ ಹಿಂಬದಿ ಜಗಲಿಯಲ್ಲಿ ಕೂತು ಕುಚ್ಚಲಕ್ಕಿ ಗಂಜಿ ಉಂಡು ಹೋಗುವುದು ಅವಳ ಕ್ರಮ. ಇನ್ನೊಂದು ಕ್ರಮವೂ ಇದೆ. ನವರಾತ್ರಿಯ ಹೊತ್ತಿಗೆ ನಮ್ಮಲ್ಲಿ ಹೊಸ್ತು. ಗದ್ದೆಯ ಮೊದಲ ತೆನೆಗಳನ್ನು ತಂದು ಬಾಗಿಲಿಗೆ, ಅಕ್ಕಿ ಪಾತ್ರೆಗೆ, ಬಾವಿಕಟ್ಟೆಗೆ ಕಟ್ಟಿ ಹೊಸ ಅಕ್ಕಿಯ ಊಟ ಮಾಡುವ ದಿನ. ಆ ತೆನೆಗೆ ಕದಿರು ಎನ್ನುತ್ತೇವೆ. ಗದ್ದೆ ಇಲ್ಲದವರಿಗೂ ಕದಿರು ಬೇಕು, ಕಡಲಿನವರು ಮನೆಗೂ ದೋಣಿಗೂ ಕಟ್ಟುತ್ತಾರೆ. ಆದರೆ ಅದನ್ನು ನಮ್ಮ ಕಡೆ ಯಾರೂ ಕೊಳ್ಳುವುದಿಲ್ಲ, ಕೇಳುವುದೂ ಇಲ್ಲ. ಬೆಳಗ್ಗೆ ಬೇಗ ಯಾರದ್ದಾದರೂ ಗದ್ದೆಗೆ ಇಳಿದು ಒಂದು ಹಿಡಿ ಕೊಯ್ದುಕೊಂಡು ಹೋಗುವುದು, ಗದ್ದೆಯವರು ಕಂಡೂ ಕಾಣದ ಹಾಗೆ ಇರುವುದು. ಸೀತಕ್ಕ ಪ್ರತಿ ವರ್ಷ ಇಳಿಯುವುದು ನಮ್ಮ ಗದ್ದೆಗೆ. ಕಂಡೂ ಕಾಣದ ಹಾಗೆ ಇರುವುದು ನನ್ನ ಜಾಯಮಾನವಲ್ಲ. "ಅಂಚ್ ಮೆಟ್ಟಿ ಹಾಳ್ ಮಾಡ್ಬೇಡ, ಮಾರಾಯ್ತಿ!" ಎಂದು ಬದುವಿನ ಚಿಂತೆಯಲ್ಲಿ ಪ್ರತಿ ವರ್ಷ ಅಂಗಳದಿಂದಲೇ ಕೂಗಿದ್ದೇನೆ.

ಇಂಥ ಗದ್ದೆಯ ಮೇಲೆ ಮೊನ್ನೆಯ ಆಷಾಢದಲ್ಲಿ ಹೊಳೆ ಬಂತು. ಹೊಳೆಬದಿಯ ಮನೆ, ನೆರೆ ನೋಡದವರೇನಲ್ಲ ನಾವು. ಅಂಗಳಕ್ಕೆ ಬಂದು, ಜಗಲಿ ಮುಟ್ಟಿ, ಹಿಂದೆ ಹೋಗುವುದು ಅದರ ರೂಢಿ. ಈ ಸಲ ಒಲೆಯವರೆಗೆ ಬಂತು. ದನಗಳನ್ನು ಬಿಚ್ಚಿ ಗುಡ್ಡೆಗೆ ಅಟ್ಟಿ, ನಾವು ದೋಣಿಯಲ್ಲಿ ದಾಟಿ ನನ್ನ ತವರಿಗೆ ಹೋದೆವು. ನೀರಿಳಿದು ವಾಪಸು ಬಂದಾಗ ಬಾಗಿಲು ತೆಗೆಯಲಾಗಲಿಲ್ಲ, ಒಳಗೆ ಅಷ್ಟು ಕೆಸರು. ಹುಲ್ಲಿನ ಬಣವೆ ತೇಲಿಹೋಗಿತ್ತು. ಬಾವಿಯ ನೀರು ಚಹಾದ ಬಣ್ಣ. ಅದೆಲ್ಲ ತೊಳೆದರೆ ಹೋಗುತ್ತದೆ, ನಾನು ಅಳಲಿಲ್ಲ. ಗದ್ದೆಗೆ ಹೋದೆ. ನಟ್ಟಿಗೆಂದು ಬೆಳೆಸಿದ್ದ ಭತ್ತದ ಸಸಿ, ನಾವು ಅಗೆ ಎನ್ನುತ್ತೇವೆ, ಎಲ್ಲವೂ ಕೊಳೆತು ಕೆಸರಿಗೆ ಅಂಟಿ ಮಲಗಿತ್ತು. ಅಲ್ಲಿ ಕೂತು ಅತ್ತುಬಿಟ್ಟೆ.

"ಈ ವರ್ಷ ಹಡಿಲ್ ಬಿಡ್ವ ಸುಗುಣ," ಎಂದರು ಇವರು. ಹಡಿಲು ಬಿಡುವುದು ಎಂದರೆ ಬೆಳೆ ಇಡದೆ ಹಾಗೇ ಬಿಡುವುದು. "ಮತ್ತೆ ಬಿತ್ತಿ ಅಗಿ ಆಪತಿಗೆ ನಟ್ಟಿ ಕಾಲವೇ ಮುಗಿತ್ತ್."

ಅವರು ಹೇಳಿದ್ದು ಸುಳ್ಳಲ್ಲ. ಆದರೆ ನಮ್ಮ ಎಡಬದಿಯ ಗದ್ದೆಯವರೂ ಒಂದು ವರ್ಷಕ್ಕೆ ಎಂದೇ ಬಿಟ್ಟವರು. ಬಲಬದಿಯವರೂ ಹಾಗೆಯೇ. ಈಗ ಎರಡೂ ಕಡೆ ಆಳೆತ್ತರದ ಹುಲ್ಲು, ಹಂದಿಗಳ ಸಂಸಾರ. ಒಮ್ಮೆ ಮಲಗಿದ ಗದ್ದೆ ಏಳುವುದಿಲ್ಲ. ನಾನು ಗೋರೆ ಹಿಡಿದು ಅಡುಗೆಮನೆಯ ಕೆಸರು ಬಾಚಲು ಹೋದೆ.

ಆಗ ಕೇಳಿಸಿತು.

"ಹ್ವಾಯ್ ಸುಗುಣಮ್ಮ! ಇದ್ರ್ಯಾ, ಹೊಳಿ ಒಟ್ಟಿಗೆ ಹೋಯ್ರ್ಯಾ?"

ಮಳೆಗಾಲದಲ್ಲಿ ದೊಡ್ಡ ದೋಣಿಗಳು, ಅವಳ ಮಗನದ್ದೂ, ಕಡಲಿಗೆ ಇಳಿಯುವುದಿಲ್ಲ, ಹಾಗಾಗಿ ಅವಳ ಬುಟ್ಟಿಯಲ್ಲಿ ಒಣಮೀನು. ಅವತ್ತು ಮಾರಲಿಲ್ಲ. ಸೀರೆ ಎತ್ತಿ ಸಿಕ್ಕಿಸಿ ನೇರ ಅಡುಗೆಮನೆಗೆ ನಡೆದು, ನನ್ನ ಕೈಯ ಗೋರೆ ಕಿತ್ತುಕೊಂಡಳು. ಮಧ್ಯಾಹ್ನದ ಹೊತ್ತಿಗೆ ನೆಲ ಕಂಡಿತು. ಮೂರು ಕಲ್ಲಿಟ್ಟು ಒಲೆ ಹೂಡಿ, ಒಣ ಸಿಗಡಿ ಹುರಿದು ಚಟ್ನಿ ಅರೆದು, ನಮ್ಮ ಮನೆಯಲ್ಲಿ ನಮಗೇ ಗಂಜಿ ಬಡಿಸಿದಳು. ಅಷ್ಟು ವರ್ಷ ನಾನು ಬಡಿಸಿದ ಜಗಲಿ ಅದು. ನಾನು ಗಂಜಿಯಲ್ಲಿ ಬೆರಳಾಡಿಸುತ್ತ ಕೂತೆ.

"ಚಟ್ನಿ ಖಾರ ಆಯ್ತಾ?" ಎಂದಳು.

"ಗೆದ್ದಿ ಹೋಯ್ತ್ ಸೀತಕ್ಕ," ಎಂದೆ.

ಅವಳು ಎದ್ದು ಗದ್ದೆಗೆ ಹೋಗಿ ನೋಡಿ ಬಂದಳು. ಕಾಲಿನ ಕೆಸರು ತೊಳೆಯದೆ ಜಗಲಿಯಲ್ಲಿ ಕೂತಳು.

"ಮತ್ತೆ ನಾನ್ ಕದಿರ್ ಎಲ್ಲಿಂದ ತಕಂಡ್ ಹೋಪ್ದ್?" ಎಂದಳು, ತಪ್ಪು ನನ್ನದೇ ಎಂಬಂತೆ. "ಕಾಣಿ ಸುಗುಣಮ್ಮ, ಮೇಲಿನ ಊರಗೆಲ್ಲ ನಟ್ಟಿ ಮುಗಿತಾ ಬಂತ್. ನಟ್ಟ್ ಮಿಕ್ಕಿದ ಅಗಿ ಎಂತ ಮಾಡ್ತ್ರ್ ಅವ್ರ್?"

"ಎಂತ ಮಾಡೂದ್? ದನಕ್ಕೆ ಹಾಕ್ತ್ರ್."

"ನಾಳಿಗ್ ಬತ್ತೆ," ಎಂದು ಬುಟ್ಟಿ ಎತ್ತಿಕೊಂಡಳು.

ಕೆರಾಡಿ ದಾರಿಯಲ್ಲಿ ಅವಳು ಮೀನು ಕೊಡದ ಮನೆ ಇಲ್ಲ. ಯಾರ ನಟ್ಟಿ ಯಾವಾಗ, ಯಾರ ಸೊಸೆಗೆ ಎಷ್ಟನೇ ತಿಂಗಳು, ಎಲ್ಲ ಅವಳಿಗೆ ಗೊತ್ತು. ಮರುದಿನ ಮಧ್ಯಾಹ್ನದ ಬಸ್ಸು ನಮ್ಮ ಗದ್ದೆಯ ಎದುರು ನಿಂತು ಹಾರನ್ ಹೊಡೆಯಿತು. ನೋಡುತ್ತೇನೆ, ಹಿಂದಿನ ಸೀಟುಗಳ ತುಂಬ ಅಗೆಯ ಸೂಡಿಗಳು, ಹಸಿರು ಕಟ್ಟುಗಳು, ಕೆಸರು ನೀರು ಮೆಟ್ಟಿಲಿನಿಂದ ಇಳಿಯುತ್ತಿದೆ. ಸೀತಕ್ಕನ ಮೀನು ನೀರಿಗೆ ದಿನಾ ಬೈಯುವ ಕಂಡಕ್ಟರ್ ರತೀಶ್ ತಾನೇ ಕಟ್ಟುಗಳನ್ನು ಕೆಳಗೆ ಕೊಡುತ್ತಿದ್ದ. "ಟಿಕೆಟ್ ಮಾಡ್ಲಿಲ್ಯಾ ಅಗಿಗೆ?" ಎಂದು ಅವಳು ಕೆಣಕಿದರೆ, "ಬಾಯ್ ಮುಚ್ಚ್ ಸೀತಕ್ಕ, ಹೊತ್ತಾಯ್ತ್," ಎಂದು ಕೊನೆಯ ಕಟ್ಟನ್ನು ಅವಳ ತಲೆಗೇ ಇಟ್ಟ. ಮಾರನೆಯ ದಿನವೂ ಬಂತು. ಕೆರಾಡಿಯ ಗಣಪಣ್ಣ ತಮ್ಮ ಅಗೆಯನ್ನು ತಾವೇ ಬಸ್ಸಿಗೆ ಹೊತ್ತು ತಂದು ಹಾಕಿದ್ದರಂತೆ. ನಾನು ಅವರ ಮುಖ ಕಂಡವಳಲ್ಲ.

ಇಲ್ಲಿ ಒಂದು ಎಡವಟ್ಟಾಯಿತು. ನಾವು ಗದ್ದೆ ಹದ ಮಾಡುವಷ್ಟರಲ್ಲಿ ಸೀತಕ್ಕ ಸುಮ್ಮನೆ ಕೂರುವುದು ಬೇಡ ಎಂದು ಕಟ್ಟುಗಳನ್ನೆಲ್ಲ ಬಿಚ್ಚಿ, ಉದ್ದದ ಸಸಿ ಒಂದು ರಾಶಿ, ಗಿಡ್ಡದ್ದು ಇನ್ನೊಂದು ರಾಶಿ ಎಂದು ಚೆಂದ ಮಾಡಿ ವಿಂಗಡಿಸಿ ಇಟ್ಟಿದ್ದಳು. ಮೀನು ಮಾಡುವ ಹಾಗೆ! ಹತ್ತಾರು ಮನೆಯ ಅಗೆ, ಒಬ್ಬೊಬ್ಬರದು ಒಂದೊಂದು ತಳಿ. ಒಂದು ಬೇಗ ತೆನೆ ಬಿಡುವುದು, ಒಂದು ತಡ. ಎಲ್ಲ ಕಲಸಿ ಹೋಯಿತು. ಇವರು ತಲೆಯ ಮೇಲೆ ಕೈ ಹೊತ್ತು ಅಂಚಿನಲ್ಲಿ ಕೂತರು.

"ಅಗಿ ಎಂದ್ರೆ ಬೂತಾಯಿ ಮೀನ್ ಅಂದ್ಕಂಡ್ಯಾ ನೀನ್? ಅಳತಿ ಕಂಡ್ ರಾಶಿ ಹಾಕೂಕೆ?" ಎಂದು ನಾನು ಹಾರಿಬಿದ್ದೆ.

"ನಂಗೆಂತ ಗೊತ್ತ್, ಕಡಲಿನವಳಿಗೆ? ಎಲ್ಲ ಹಸ್ರೇ ಅಲ್ದಾ!" ಎಂದು ಅವಳೂ ಹಾರಿದಳು. ಹಾರಿದವಳೇ ಗದ್ದೆಗಿಳಿದು ನಡಲು ಸುರುಮಾಡಿದಳು. ಅವಳ ಸಾಲು ಹಾವು ಹೋದ ಹಾಗೆ. ನಾನು ಬೈಯುತ್ತ ಪಕ್ಕದಲ್ಲಿ ನಟ್ಟೆ. ಸಂಜೆಗೆ ಗದ್ದೆ ತುಂಬಿತು.

ಭಾದ್ರಪದ ಮುಗಿಯುತ್ತ ಬಂದಾಗ ಆ ಕಲಬೆರಕೆ ಕಣ್ಣಿಗೆ ರಾಚತೊಡಗಿತು. ಒಂದು ಬುಡ ಸೊಂಟದೆತ್ತರ, ಪಕ್ಕದ್ದು ಮೊಣಕಾಲು ದಾಟಿಲ್ಲ. ಕೊಯ್ಲಿನ ಯಂತ್ರ ಇಳಿಸುವಂತಿಲ್ಲ, ಕೈಯಲ್ಲೇ ಆರಿಸಿ ಆರಿಸಿ ಕೊಯ್ಯಬೇಕು ಎಂದು ಇವರು ಗೊಣಗಿದರು. ಗೊಣಗಲಿ. ಎಡಕ್ಕೂ ಬಲಕ್ಕೂ ಹಡಿಲು, ನಡುವೆ ನಮ್ಮದು ಹಸಿರು. ನಾನು ದಿನಾ ಬೆಳಗ್ಗೆ ಹೋಗಿ ಅದನ್ನು ನೋಡಿ ಬರುತ್ತಿದ್ದೆ. ಯಾಕೆ ಎಂದು ಕೇಳಿದರೆ, ದನ ಬಂದಿದೆಯೋ ಎಂದು ನೋಡಲು ಎನ್ನುತ್ತಿದ್ದೆ.

ಈ ವರ್ಷ ನವರಾತ್ರಿ ಬೇಗ. ಕೆರಾಡಿಯಲ್ಲಿ ಗಣಪಣ್ಣನದು ಬಿಟ್ಟರೆ ದಾರಿಯುದ್ದಕ್ಕೂ ಎಲ್ಲರದ್ದೂ ತಡದ ತಳಿ, ಯಾರ ಗದ್ದೆಯಲ್ಲೂ ತೆನೆ ಹೊರಬಂದಿರಲಿಲ್ಲ. ನಮ್ಮಲ್ಲಿ ಗಣಪಣ್ಣ ಕೊಟ್ಟ ಬೇಗದ ತಳಿ ಗದ್ದೆಯಿಡೀ ಅಲ್ಲೊಂದು ಇಲ್ಲೊಂದು ಬುಡ ತೆನೆ ಬಾಗಿಸಿ ನಿಂತಿತ್ತು. ಸೀತಕ್ಕ ಕಲಸಿದ ಪುಣ್ಯ, ಯಾವ ಮೂಲೆಗೆ ಹೋದರೂ ಒಂದು ಹಿಡಿ.

ಹೊಸ್ತಿನ ಬೆಳಗ್ಗೆ ಕತ್ತಿ ಹಿಡಿದು ಹೋದೆ. ಅಂಚಿನ ಮೇಲೆ ಹೆಜ್ಜೆಗಳು. ಒಂದಲ್ಲ, ದೊಡ್ಡವು, ಸಣ್ಣವು, ಸೈಕಲ್ಲಿನ ಚಕ್ರವೂ. ಅಲ್ಲಲ್ಲಿ ತೆನೆ ಕೊಯ್ದ ಗುರುತು. ಅಗೆ ಕೊಟ್ಟ ಮನೆಗಳವರು ಕದಿರಿಗೆ ನಮ್ಮ ಗದ್ದೆಗೆ ಬಂದು ಹೋಗಿದ್ದರು! ಅಂಚು ಎರಡು ಕಡೆ ಕುಸಿದಿತ್ತು. ಬೇರೆ ದಿನವಾಗಿದ್ದರೆ ಊರು ಕೇಳುವಂತೆ ಬೈಯುತ್ತಿದ್ದೆ. ದೇವರೇ, ನನ್ನ ಗದ್ದೆಯಿಂದ ಇಷ್ಟು ಮನೆಯ ಬಾಗಿಲಿಗೆ ಕದಿರು ಹೋಯಿತಲ್ಲ, ನಾನು ಕೊಡುವವಳಾಗಿ ಉಳಿದೆನಲ್ಲ ಎಂದು ಅಲ್ಲೇ ಕೈ ಮುಗಿದೆ.

ಆಗ ಬಸ್ಸು ನಿಂತಿತು. ಸೀತಕ್ಕ ಇಳಿದು, ಬುಟ್ಟಿಯನ್ನು ರಸ್ತೆಬದಿಗೆ ಇಟ್ಟು, ಪ್ರತಿ ವರ್ಷದಂತೆ ನನ್ನ ಕಡೆ ನೋಡದೆ ಗದ್ದೆಗೆ ಇಳಿದಳು. ಅಂಚನ್ನು ಸರೀ ಮೆಟ್ಟಿದಳು. ನಾನು ಅತ್ತ ತಿರುಗಿ ನಿಂತೆ. ಕಣ್ಣು ತುಂಬಿದ್ದರಿಂದ ಹೇಗೂ ಏನೂ ಕಾಣುತ್ತಿರಲಿಲ್ಲ. ಬೆನ್ನ ಹಿಂದೆ ಕತ್ತಿಯ ಸದ್ದು ಬಂತು, ನಿಂತಿತು.

"ಹ್ವಾಯ್ ಸುಗುಣಮ್ಮ, ಹುಷಾರಿಲ್ಯಾ? ಬೈಯ್ಲೇ ಇಲ್ಲ ಇವತ್ತ್?"

"ಒಂದ್ ಹಿಡಿ ಎಂತಕ್ ಸಾಕ್ ನಿಂಗೆ?" ಎಂದೆ, ತಿರುಗದೆ. "ಮಗನ ದೋಣಿಗೂ ಕಟ್ಟೂಕಿಲ್ಯಾ? ಇನ್ನೊಂದ್ ಹಿಡಿ ಕೊಯ್ಕೊ."