ಕಣ್ಣೊಳಗೆ ಬೆಳೆದ ಬೂಷ್ಟು

ಕಲ್ಯಾಣದುರ್ಗದ ಹತ್ತಿರದ ಹಳ್ಳಿಯ ಬೀರಕ್ಕ ನಡೆಯಲು ಕಲಿತಾಗಿನಿಂದ ಕುರಿಗಳ ಹಿಂದೆಯೇ ಇದ್ದವಳು. ಒಂದು ಸಲ ಕುರಿಗಳಿಗೆಂದು ಕಡಲೆಕಾಯಿ ಬಳ್ಳಿ ಒಟ್ಟುವಾಗ ಒಣಕಡ್ಡಿಯೊಂದು ಬಲಗಣ್ಣಿಗೆ ಬಡಿಯಿತು. ಮೊದಲು ನೀರು ಸುರಿಯಿತು, ಆಮೇಲೆ ಕಣ್ಣು ಕೆಂಡವಾಯಿತು, ಕೊನೆಗೆ ಲೋಕವೆಲ್ಲ ಮಜ್ಜಿಗೆಯಲ್ಲಿ ಅದ್ದಿದಂತೆ ಬೆಳ್ಳಗಾಯಿತು. ನೋವಿನ ನಡುವೆಯೂ ಆ ಮಂಜಿನೊಳಗೆ ಕುರಿಗಳು ನೆಲ ಮುಟ್ಟದೆ ತೇಲಿಹೋಗುವುದನ್ನು ನೋಡುತ್ತ ಅವಳು ಮೈಮರೆಯುತ್ತಿದ್ದಳು.

ಸೊಸೆ ಲಕ್ಷ್ಮೀದೇವಿ ಅವಳನ್ನು ಹಿಂದೂಪುರದ ಕಣ್ಣಾಸ್ಪತ್ರೆಗೆ ಸೇರಿಸಿದಳು. ಡಾಕ್ಟರು ಕಣ್ಣಿನ ಹುಣ್ಣನ್ನು ತುಸುವೇ ಕೆರೆದು ಲ್ಯಾಬಿಗೆ ಕಳಿಸಿ, ಹನಿ ಔಷಧಿ ಶುರುಮಾಡಿದರು. ಹನಿ ಬಿಟ್ಟರೂ ಬಿಳುಪು ಹರಡುತ್ತಲೇ ಹೋಯಿತು. ಮಂಪರಿನಲ್ಲಿ ಬೀರಕ್ಕನಿಗೆ ಕಣ್ಣೊಳಗೆ ಏನೋ ಮೆತ್ತಗೆ ಬೇರು ಬಿಡುತ್ತಿರುವ ಕನಸು.

ಒಂದು ಬೆಳಿಗ್ಗೆ ಲ್ಯಾಬಿನ ಶ್ರೀಲತಾ ಬಂದಳು. "ಬನ್ನಿ ಅವ್ವಾ, ನಿಮ್ ಕಣ್ಣಾಗೆ ಬೆಳೆದಿರೋದು ಬೂಷ್ಟು. ನೋಡ್ತೀರಾ?"

ಲ್ಯಾಬಿಗೆ ಹೋಗಿ ಮೈಕ್ರೋಸ್ಕೋಪಿಗೆ ಎಡಗಣ್ಣಿಟ್ಟ ಬೀರಕ್ಕ ಉಸಿರು ಹಿಡಿದಳು. ತೆಳ್ಳನೆಯ ದಂಟುಗಳ ತುದಿಯಲ್ಲಿ ಗುಂಡುಗುಂಡಗೆ ಅರಳಿದ ಹೂವು.

"ಜಾಲಿ ಹೂವು ಕಣಮ್ಮ! ಇಷ್ಟ್ ಚೆಂದಾಗಿದ್ದು ನನ್ ಕಣ್ಣ ತಿಂತೈತಾ?"

"ತಿಂತೈತೆ ಅವ್ವಾ," ಎಂದು ಶ್ರೀಲತಾ ಮುಚ್ಚಿದ ಗಾಜಿನ ತಟ್ಟೆಯೊಂದನ್ನು ತೋರಿಸಿದಳು. ಒಳಗೆ ಹೆಸರುಕಾಳಿನ ಬಣ್ಣದ ಬೂಷ್ಟು, ನಡುವೆ ಬೇರೆ ಬೇರೆ ಔಷಧಿಯಲ್ಲಿ ಅದ್ದಿದ ಎರಡು ಕಾಗದದ ಬಿಲ್ಲೆ. "ಇದು ಈಗ ನಿಮ್ಗೆ ಹಾಕ್ತಿರೋ ಔಷಧಿ. ಬೂಷ್ಟು ಇದ್ರ ಮ್ಯಾಲೇ ಹತ್ತಿಬುಟ್ಟೈತೆ. ಅಗೋ, ಇನ್ನೊಂದ್ರ ಸುತ್ತ ನೋಡಿ, ಹತ್ರಕ್ಕೇ ಬಂದಿಲ್ಲ. ಡಾಕ್ಟ್ರು ಇವತ್ತಿಂದ ಅದನ್ನೇ ಹಾಕ್ತಾರೆ."

"ಕಣ್ಣು ಉಳೀತೈತಾ?"

"ಉಳೀಬೋದು. ಮೊದ್ಲಿನಂಗೇ ಆಗ್ತೈತೆ ಅಂತ ಹೇಳಾಕಾಗಲ್ಲ."

ಹೊಸ ಹನಿ ಬಿದ್ದ ಮೇಲೆ ಮೊದಲು ನೋವು ಹೋಯಿತು. ಬೀರಕ್ಕ ಹಗಲೆಲ್ಲ ನಿದ್ದೆ ಮಾಡಿದಳು. ಎದ್ದಾಗಲೆಲ್ಲ ಕಿಟಕಿಯ ಬೆಳಕು ಒಂದಿಷ್ಟು ಹತ್ತಿರ ಬಂದಂತಿರುತ್ತಿತ್ತು. ಬಿಳುಪು ಬೇಸಿಗೆಯ ಕೆರೆಯಂತೆ ಅಂಚಿನಿಂದ ಹಿಂದೆ ಸರಿದು, ಪಾಪೆಯ ಮೇಲೆ ಸಣ್ಣ ಕಲೆಯಾಗಿ ನಿಂತಿತು.

ಊರಿಗೆ ಮರಳುವ ಬಸ್ಸು ಪೆನುಗೊಂಡೆ ದಾಟುವಾಗ ಅವಳು ಅಂಗೈಯಿಂದ ಎಡಗಣ್ಣು ಮುಚ್ಚಿಕೊಂಡು ಕೂತಿದ್ದಳು.

"ಅತ್ತೆ, ಅದೇನ್ ಮಾಡ್ತಿದ್ದೀಯ?"

"ಬೆಟ್ಟ ಕಾಣ್ತೈತೆ ಕಣಮ್ಮ. ಹೊಗೆ ಹೊಗೆಯಾಗೈತೆ. ಆದ್ರೂ ಬೆಟ್ಟಾನೇ."

ಲಕ್ಷ್ಮೀದೇವಿ ಚೀಲದಿಂದ ಔಷಧಿಯ ಸೀಸೆ ತೆಗೆದು, "ಸರಿ, ತಲೆ ಎತ್ತು, ಹನಿ ಬಿಡ್ತೀನಿ," ಎಂದಳು.