ಹಿಮ ಬೀಳುವವರೆಗೆ ಕೇಳಬಾರದ ಟೇಪು

ಬೆಳಗಿನ ಐದೂಕಾಲು. ದೂರದ ಉತ್ತರದ ಜೇಮ್ಸ್ ಕೊಲ್ಲಿಯ ದಂಡೆಯ, ಕ್ರೀ ಆದಿವಾಸಿಗಳ ಈ ಊರಿನಲ್ಲಿ ಬಾತುಗಳ ಕೂಗು ಬಿಟ್ಟರೆ ಬೇರೆ ಸದ್ದಿಲ್ಲ. ಶಾಲೆಯ ನೆಲ ಒರೆಸಿ ಮುಗಿಸಿದ ಹ್ಯಾರಿಯೆಟ್ ವಬಾನೊ ಬಕೆಟ್ಟನ್ನು ಮೂಲೆಗೆ ತಳ್ಳಿ, ಸಾಮಾನಿನ ಕೋಣೆಯಲ್ಲಿರುವ ಹಳೇ ಟೇಪ್ ಯಂತ್ರದ ಮುಂದೆ ಕೂರುತ್ತಾರೆ. ದಿನದ ರೂಢಿ ಇದು: ನಾಲ್ಕು ಮಾತು ಕೇಳುತ್ತಾರೆ, ನಿಲ್ಲಿಸುತ್ತಾರೆ, ಕ್ರೀ ಲಿಪಿಯಲ್ಲಿ ಬರೆಯುತ್ತಾರೆ. ಎಂಟಕ್ಕೆ ಮಕ್ಕಳು ಬರುವ ಹೊತ್ತಿಗೆ ಮೂರು ಹಾಳೆ. ಒಂದು ಟೇಪಿಗೆ ಎರಡು ತಿಂಗಳು.

ನಲವತ್ತು ವರ್ಷದ ಹಿಂದೆ ಊರಿನ ರೇಡಿಯೋದವರು ಹಿರಿಯರ ಬಾಳಿನ ಕತೆಗಳನ್ನು ಹಿಡಿದಿಟ್ಟ ಟೇಪುಗಳು ನೂರಾ ಹನ್ನೆರಡು. ಹತ್ತೊಂಬತ್ತು ವರ್ಷದಲ್ಲಿ ನೂರಾ ಹನ್ನೊಂದು ಮುಗಿದಿವೆ. ಬರೆಯಿರಿ ಎಂದು ಯಾರೂ ಹೇಳಿಲ್ಲ.

"ಚಿಕ್ಕವಳಿದ್ದಾಗ ಸರ್ಕಾರದವರು ಏಳು ವರ್ಷ ದೂರದ ವಸತಿ ಶಾಲೆಲಿ ಹಾಕಿದ್ರು. ಕ್ರೀ ಮಾತಾಡಿದ್ರೆ ಬಾಯಿಗೆ ಸೋಪು. ವಾಪಸ್ ಬಂದಾಗ ಅಪ್ಪ ಹೇಳಿದ್ದು ಅರ್ಧ ತಿಳೀತಿರ್ಲಿಲ್ಲ. ಅದಕ್ಕೆ ಬರೀತೀನಿ. ಸೇವೆ ಗೀವೆ ಏನಲ್ಲ," ಎನ್ನುತ್ತಾರೆ ಐವತ್ತೆಂಟರ ಹ್ಯಾರಿಯೆಟ್.

ಲಿಪಿ ಕಲಿಸಿದ್ದು ಪಕ್ಕದ ಮನೆಯ ಸೋಫಿಯಾ ಅಜ್ಜಿ. ವಯಸ್ಸು ತೊಂಬತ್ತೊಂದು. ಒಳಕಾಡಿನ ಹಳೆಯ ಬೇಟೆ ಮಾತುಗಳ ಅರ್ಥ ಬಲ್ಲವರು ಈಗ ಅವರೊಬ್ಬರೇ.

ಬಾಳಿನ ಕತೆಯನ್ನು ಯಾವಾಗ ಬೇಕಾದರೂ ಹೇಳಬಹುದು, ಕೇಳಬಹುದು. ಆದರೆ ಲೋಕ ಹುಟ್ಟಿದ ಕಾಲದ ಕತೆಗಳು, ತುಂಟ ವೀಸಕೇಚಾಕನ ಕತೆಗಳು, ನೆಲದ ಮೇಲೆ ಹಿಮ ಇರುವಾಗ ಮಾತ್ರ. ಬೇಸಿಗೆಯಲ್ಲಿ ಹೇಳಿದರೆ, ಕೇಳಿದರೆ ಹಾಸಿಗೆಗೆ ಕಪ್ಪೆಗಳು ಬರುತ್ತವೆ ಎಂಬ ನಂಬಿಕೆ. ನಾಲ್ಕು ವರ್ಷದ ಹಿಂದೆ ಜೂನಿನಲ್ಲಿ ಹ್ಯಾರಿಯೆಟ್ ಈ ನೇಮ ತಪ್ಪಿದ್ದರು. ನದಿಯ ಬೀವರ್ ಪ್ರಾಣಿಯ ಬೇಟೆಯ ಟೇಪು ನಡುವೆಯೇ ವೀಸಕೇಚಾಕನ ಕಡೆ ಹೊರಳಿತು. ಇವರು ಬರೆಯುವ ಭರದಲ್ಲಿ ಹನ್ನೊಂದು ನಿಮಿಷ ಕೇಳಿಯೇಬಿಟ್ಟರು. ಮರುದಿನ ಬೂಟಿನೊಳಗೆ ಕಪ್ಪೆ.

"ಒಂದೇನಾ?" ಎಂದು ಅಜ್ಜಿ ಬೊಚ್ಚು ಬಾಯಲ್ಲಿ ನಕ್ಕಿದ್ದರು. "ಹನ್ನೊಂದು ನಿಮಿಷಕ್ಕೆ ಹನ್ನೊಂದು ಬರ್ಬೇಕಿತ್ತಲ್ಲೇ. ಉಳಿದ ಹತ್ತು ಹಾಸಿಗೇಲಿ ನೋಡ್ಕೋ ಹೋಗು."

ಉಳಿದಿರುವ ಕೊನೆಯ ಟೇಪಿನಲ್ಲಿ ಇರುವುದು ಹ್ಯಾರಿಯೆಟ್ ಅವರ ಅಪ್ಪನ ದನಿ, ಹೇಳುತ್ತಿರುವುದು ಚಳಿಗಾಲದ ಕತೆ. ಅರ್ಧ ಬರೆಯುವಷ್ಟರಲ್ಲಿ ಮೇ ಬಂತು, ನದಿಯ ಮಂಜುಗಡ್ಡೆ ಒಡೆಯಿತು, ಹಿಮ ಕರಗಿತು. ಟೇಪು ಕಂದು ಪುಡಿ ಉದುರಿಸುತ್ತಿದೆ. ಇನ್ನೊಂದು ಚಳಿಗಾಲದವರೆಗೆ ಅದು ತಾಳುವುದಿಲ್ಲ.

ತಂಗಿ ಮಗಳು ವಿನೋನಾ ರೇಗಿದ್ದಳು. "ದೊಡ್ಡಮ್ಮ, ಟೇಪು ಹೋದ್ರೆ ಹೋಯ್ತು. ಕಪ್ಪೆಗೆ ಹೆದರ್ಕೊಂಡು ತಾತನ್ನ ಕಳ್ಕೋತೀಯಾ?"

"ಕಪ್ಪೆಗಲ್ಲ ಕಣೇ. ಅಪ್ಪ ಬೇಸಿಗೇಲಿ ಒಂದು ಸಲಾನೂ ಹೇಳಿದವನಲ್ಲ. ಈಗ ಟೇಪಿಂದ ಬಲವಂತವಾಗಿ ಹೇಳಿಸ್ಲಾ?"

ಎರಡು ದಿನ ಯೋಚಿಸಿ ಹ್ಯಾರಿಯೆಟ್ ದಾರಿ ಕಂಡುಕೊಂಡರು. ಇವತ್ತು ಅದೇ ಕೆಲಸ. ಯಂತ್ರಕ್ಕೆ ಕಂಪ್ಯೂಟರ್ ಜೋಡಿಸಿ, ಸ್ಪೀಕರ್ ಕಿತ್ತು, ಹೆಡ್‌ಫೋನನ್ನು ಬೀರುವಿಗೆ ಹಾಕಿ ಬೀಗ ಜಡಿದಿದ್ದಾರೆ. ಟೇಪು ಸದ್ದಿಲ್ಲದೆ ತಿರುಗುತ್ತದೆ. ಕತೆಯ ನಕಲು ಇಳಿಯುತ್ತದೆ, ಯಾರ ಕಿವಿಗೂ ಬೀಳುವುದಿಲ್ಲ. ದನಿಯ ಮಟ್ಟ ತೋರುವ ಸೂಜಿ ಮಾತ್ರ ಅಲ್ಲಾಡುತ್ತದೆ. ಮೂವತ್ತೊಂದು ನಿಮಿಷ ಹ್ಯಾರಿಯೆಟ್ ಅದನ್ನೇ ನೋಡುತ್ತಾರೆ. ಒಮ್ಮೆ ಸೂಜಿ ಪಟಪಟನೆ ಬಲಕ್ಕೆ ಬಡಿದುಕೊಳ್ಳುತ್ತದೆ.

"ನೋಡು, ನಗ್ತಿದಾನೆ. ಅಪ್ಪ ತಾನು ಹೇಳಿದ್ದಕ್ಕೆ ತಾನೇ ಮೊದಲು ನಗೋನು," ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ.

ಟೇಪು ಮುಗಿಯುತ್ತದೆ. ನಕಲು ಉಳಿಯಿತು. ಅರ್ಥ ಹೇಳುವವರು ಉಳಿಯಬೇಕು. ಕೆಲಸ ಮುಗಿಸಿ ಹ್ಯಾರಿಯೆಟ್ ಬಾತಿನ ಸಾರು ಹಿಡಿದು ಪಕ್ಕದ ಮನೆಗೆ ಹೋಗುತ್ತಾರೆ.

"ಹಿಮ ಬೀಳೋತನಕ ಇರ್ತೀಯ ತಾನೇ ಅಜ್ಜಿ?"

"ನಿಮ್ಮಪ್ಪನ ಕತೆ ಅರ್ಧ ಕೇಳಿ ಸಾಯೋಕೆ ನನಗೇನು ಹುಚ್ಚಾ? ಉಪ್ಪು ಕಮ್ಮಿ, ತಗೊಂಬಾ."

ಉಪ್ಪು ತರಲು ಎದ್ದ ಹ್ಯಾರಿಯೆಟ್ ಕಿಟಕಿಯಾಚೆಯ ಬರಿ ನೆಲವನ್ನು ನೋಡುತ್ತಾರೆ. "ಈ ಸಲ ಅಕ್ಟೋಬರಲ್ಲೇ ಬೀಳ್ಲಿ. ಬೂಟು ಮುಳುಗೋಷ್ಟು ಬೇಡ, ನೆಲ ಮುಚ್ಚಿದ್ರೆ ಸಾಕು."